ಗಾದ್ರಪ್ಪ ನೀರು ಬಿಟ್ಟದ್ದು

ಬಾಯಲ್ಲಿ ಎಲೆಯಡಿಕೆ ಇದ್ದವರು ಉಗಿದು ಬಂದು ಕೂತ್ಕೊಳ್ಳಿ. ನಡುವೆ ನಗು ಬಂದರೆ ಪಕ್ಕದವರ ಪಂಚೆ ಕೆಟ್ಟೀತು.

ಹುಣಸೆಕುಂಟೆಯಲ್ಲಿ ಓಬಕ್ಕ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಗಾದ್ರಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಮ್ಮಿಯಿಲ್ಲ. ಒಲೆ ಮೇಲಿನ ಹಾಲು ನೋಡ್ತಿರು ಅಂದರೆ, ಉಕ್ಕಿ ಒಲೆ ಆರಿಹೋಗುವ ತನಕ ನೋಡುತ್ತಲೇ ಇರುತ್ತಿದ್ದ. ಇವನನ್ನು ಕಟ್ಟಿಕೊಂಡು ಹೇಗೆ ಬಾಳುವುದಪ್ಪ ಅಂತ ಓಬಕ್ಕ ಹಣೆ ಹಣೆ ಬಡಿದುಕೊಂಡಿದ್ದಳು.

ಆ ಊರಿನವರು ಒಬ್ಬರ ಮೇಲೊಬ್ಬರು ಜಿದ್ದಿಗೆ ಬಿದ್ದು ಬೋರು ಕೊರೆಸಿದ್ದರು. ಇವನು ಆಳಕ್ಕೆ ಹೋದರೆ ಅವನು ಇನ್ನೂ ಆಳಕ್ಕೆ. ಕೊನೆಗೆ ಬೋರುಗಳೆಲ್ಲ ಕೆಮ್ಮಿದವೇ ಹೊರತು ನೀರು ಉಗುಳಲಿಲ್ಲ. ಗೋಮಾಳದ ಬೋರೊಂದರಲ್ಲಿ ಮಾತ್ರ ನೀರು ಉಳಿಯಿತು. ಆಗ ಊರ ಹಿರಿಯ ಪಾಲಯ್ಯ ಎಲ್ಲರನ್ನೂ ಕೂರಿಸಿ ಒಂದು ಕಟ್ಟುಪಾಡು ಮಾಡಿದ. ಆ ಬೋರು ಎಲ್ಲರದು, ನೀರು ಪಾಳಿ ಪ್ರಕಾರ, ಯಾರೂ ಭತ್ತ ಹಾಕಬಾರದು, ಯಾರೂ ಹೊಸ ಬೋರು ಕೊರೆಸಬಾರದು. ಬೋರನ್ನೇ ಕಾಣದ ಓಬಕ್ಕನ ಶೇಂಗಾ ಹೊಲಕ್ಕೂ ಒಂದು ಪಾಳಿ ಬಂತು. ಮುಗಿಲು ನೋಡೀ ನೋಡೀ ಕುತ್ತಿಗೆ ಹಿಡಿದಿದ್ದ ಓಬಕ್ಕ ಅವತ್ತು ಮೊದಲ ಸಲ ಕತ್ತು ಇಳಿಸಿದಳು.

ಎಲ್ಲ ಸರಿ, ನೀರು ತಿರುಗಿಸುವ ನೀರಗಂಟಿ ಯಾರಾಗಬೇಕು? ಇವನಾದರೆ ಅಳಿಯನ ಹೊಲಕ್ಕೆ ಬಿಡ್ತಾನೆ, ಅವನಾದರೆ ಬೀಗರ ಹೊಲಕ್ಕೆ. ಕಡೆಗೆ ಎಲ್ಲರ ಕಣ್ಣೂ ಗಾದ್ರಪ್ಪನ ಮೇಲೆ ಬಿತ್ತು. ಮೋಸ ಮಾಡುವುದಕ್ಕೂ ಒಂದಿಷ್ಟು ಬುದ್ಧಿ ಬೇಕಲ್ಲ, ಅದು ಇವನಲ್ಲಿ ಇಲ್ಲ ಅಂತ ಊರಿಗೇ ಗೊತ್ತಿತ್ತು. ಬೋಸಯ್ಯ ಒಬ್ಬ ಮಾತ್ರ ಗೊಣಗಿದ. ಅವನ ಹೊಲ ಓಬಕ್ಕನ ಹೊಲಕ್ಕೆ ಬದು ಹಂಚಿಕೊಂಡಿತ್ತು. ಎಷ್ಟಾದರೂ ಮಗ, ತಾಯಿ ಕಡೆಗೇ ಎಳೀತಾನೆ ಅಂದ.

ಮೊದಲ ದಿನ ಬೋಸಯ್ಯನ ಪಾಳಿ. ಹೊಲ ನೆನೆಯೋ ತನಕ ಕದಲಬೇಡ ಅಂತ ಪಾಲಯ್ಯ ಹೇಳಿದ. ಗಾದ್ರಪ್ಪ ನೀರು ತಿರುಗಿಸಿ ನಿಂತ. ಅಷ್ಟರಲ್ಲಿ ಕರೆಂಟು ಹೋಯಿತು. ಬೋಸಯ್ಯನ ಹೊತ್ತು ಮುಗಿದು ಮುಂದಿನ ಪಾಳಿಯವಳಾದ ದಾಸಕ್ಕನ ಹೊತ್ತು ಬಂತು. ಇವನು ಕದಲಲಿಲ್ಲ. ಕರೆಂಟು ಬಂದಾಗ ದಾಸಕ್ಕನ ನೀರೆಲ್ಲ ಬೋಸಯ್ಯನ ಹೊಲಕ್ಕೇ ಹೋಯಿತು. ದಾಸಕ್ಕ ಓಬಕ್ಕನ ಮನೆ ಮುಂದೆ ನಿಂತು ಮಣ್ಣು ತೂರಿದಳು.

"ನೀರು ನಿಂತ್ರೆ ನೀನೂ ನಿಲ್ತೀಯೇನ್ಲಾ? ಮುಂದಕ್ಕೆ ನಡೀಬೇಕಪ್ಪ," ಅಂದಳು ಓಬಕ್ಕ.

"ಹಂಗೇ ಮಾಡ್ತೀನಿ ಕಣವ್ವ," ಅಂದ.

ಮಾರನೆ ದಿನ ದಾಸಕ್ಕನ ಹೊಲಕ್ಕೆ ನೀರು ಬಿಟ್ಟ. ಕರೆಂಟು ಹೋಯಿತು, ನೀರು ನಿಂತಿತು. ಗಾದ್ರಪ್ಪ ಮುಂದಕ್ಕೆ ನಡೆದ. ಹೊಲ ದಾಟಿದ, ಹಳ್ಳ ದಾಟಿದ, ಗುಡ್ಡ ದಾಟಿದ. ಹೊತ್ತು ಮುಳುಗುವಾಗ ಅಕ್ಕನ ಗಂಡನ ಊರು ಸಿಕ್ಕಿತು, ಮುದ್ದೆ ಉಂಡು ಮಲಗಿದ. ಇತ್ತ ಕರೆಂಟು ಬಂದು, ಕೇಳುವವರಿಲ್ಲದ ನೀರು ಹೊಲ ತುಂಬಿ, ಇಲಿ ಬಿಲದಲ್ಲಿ ನುಗ್ಗಿ, ಬಂಡಿದಾರಿ ಪಾಲಾಯಿತು.

"ಎಲ್ಲೀ ತಂಕ ಅಂತ ನೀನು ಹೇಳ್ಲಿಲ್ವಲ್ಲವ್ವ," ಅಂದ ವಾಪಸು ಬಂದು.

ಓಬಕ್ಕನಿಗೆ ಅಳು ಬಂತು. ಅಲ್ಲೇ ಇರಬೇಕು ಮಗ, ನೀರು ಯಾವ ತೂತಿನಲ್ಲಿ ನುಗ್ಗಿ ಹೋದರೂ ಮಣ್ಣು ಹಾಕಿ ಮುಚ್ಚಬೇಕು ಅಂತ ಹೇಳಿದಳು.

ಅದರ ಮರುದಿನ ಗೋಮಾಳದ ಮೇಲಷ್ಟೇ ಒಂದು ಹದ ಮಳೆ ಬಿತ್ತು. ಮಳೆ ನೀರು ಭೂಮಿಗೆ ಇಳಿದು ಬೋರಿಗೆ ಸೇರಲಿ ಅಂತ ಊರವರೆಲ್ಲ ಬೆವರು ಸುರಿಸಿ ಬೋರಿನ ಪಕ್ಕ ಇಂಗುಗುಂಡಿ ತೋಡಿದ್ದರು. ಗಾದ್ರಪ್ಪ ನೋಡುತ್ತಾನೆ, ನೀರೆಲ್ಲ ಆ ಗುಂಡಿಗೇ ನುಗ್ಗುತ್ತಿದೆ! ಸಲಿಕೆ ತಂದ, ಮಳೆಯಲ್ಲೇ ನೆನೆಯುತ್ತ ಮಟ್ಟಸವಾಗಿ ಮುಚ್ಚಿದ. ಮೇಲೆ ನಿಂತು ತುಳಿದು ಗಟ್ಟಿಯೂ ಮಾಡಿದ. ಬಂದ ಮಳೆ ಹಳ್ಳ ಸೇರಿತು.

ಬೋಸಯ್ಯನ ಸಿಟ್ಟು ನೆತ್ತಿಗೇರಿತು. ಈ ಒಪ್ಪಂದ ಮುರಿದುಬಿತ್ತು, ಗೋಮಾಳದ ಮಗ್ಗುಲಲ್ಲೇ ನನ್ನ ಬೋರು ಕೊರೆಸ್ತೀನಿ ಅಂತ ಲಾರಿ ತರಲು ಪೇಟೆಗೆ ಹೊರಟೇಬಿಟ್ಟ. ಅವನೊಬ್ಬ ಕೊರೆಸಿದರೆ ಎಲ್ಲರೂ ಕೊರೆಸುತ್ತಾರೆ, ಇರುವ ಒಂದು ಬೋರೂ ಬತ್ತುತ್ತದೆ. ಓಬಕ್ಕನ ಶೇಂಗಾ ಹೂವು ಬಿಟ್ಟು ನಿಂತಿತ್ತು. ಈಗ ಒಂದು ನೀರು ಸಿಕ್ಕರೆ ಕಾಯಿ, ಇಲ್ಲದಿದ್ದರೆ ದನಕ್ಕೆ ಮೇವು.

ಅವಳೇ ಮಗನನ್ನು ಜೊತೆಗೆ ಕರೆದುಕೊಂಡು ಗುಂಡಿ ಮತ್ತೆ ತೋಡಿದಳು. "ಕೈ ಮುಗೀತೀನಿ ಮಗ. ನೀರು ಭೂಮ್ತಾಯಿ ಹೊಟ್ಟೆಗೆ ಹೋಗ್ಬೇಕು. ಇಲ್ಲಿ ನೀರು ಹರಿಯೋದು ಕಂಡ್ರೆ ಈ ಗುಂಡಿಗೇ ತಿರುಗ್ಸು," ಅಂದಳು.

"ಹಂಗೇ ಮಾಡ್ತೀನಿ ಕಣವ್ವ," ಅಂದ.

ಕೊನೆಗೂ ಓಬಕ್ಕನ ಪಾಳಿ ಬಂತು. ಅವಳು ಹೊಲದಲ್ಲಿ ಮಡಿ ಸರಿಮಾಡಿಕೊಂಡು ಕಾದಳು. ಕಾಲುವೆಯಲ್ಲಿ ಒಂದು ಹನಿ ಇಲ್ಲ. ಮೋಟಾರು ಮಾತ್ರ ಗುಂಯ್ಗುಡುತ್ತಿತ್ತು. ಓಡಿ ಹೋಗಿ ನೋಡಿದರೆ, ಬೋರಿನಿಂದ ತೊಡೆದಪ್ಪ ನೀರು ಎದ್ದು ಬಂದು ಪಕ್ಕದ ಇಂಗುಗುಂಡಿಗೆ ಬೀಳುತ್ತಿದೆ. ಭೂಮಿಯಿಂದ ಎತ್ತಿದ್ದನ್ನು ಭೂಮಿಗೇ ಕೊಡುತ್ತ ಗಾದ್ರಪ್ಪ ಸಲಿಕೆ ಹಿಡಿದು ಕಾವಲು ನಿಂತಿದ್ದಾನೆ. ಅವಳ ಹೊತ್ತು ಮುಗಿಯುತ್ತ ಬಂದಿತ್ತು.

ಅದೇ ಸಮಯಕ್ಕೆ ಬೋಸಯ್ಯ ಬೋರಿನ ಲಾರಿ ಜೊತೆ ಬಂದಿಳಿದ. ಯಾರ ಪಾಳಿ ಇದು ಅಂತ ಕೇಳಿದ. ನಮ್ಮವ್ವಂದು ಅಂದ ಗಾದ್ರಪ್ಪ. ಬೋಸಯ್ಯ ಗುಂಡಿ ನೋಡಿದ, ಓಬಕ್ಕನ ಮುಖ ನೋಡಿದ. ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡ. ಹೆತ್ತ ತಾಯಿಗೇ ಒಂದು ಹನಿ ಬಿಡದವನು ಇನ್ಯಾರಿಗೆ ಕದ್ದು ಬಿಟ್ಟಾನು ಅಂತ ಲಾರಿ ವಾಪಸು ಕಳಿಸಿದ. ಅಷ್ಟೇ ಅಲ್ಲ, ನಾಳೆಯ ನನ್ನ ಪಾಳಿ ಓಬಕ್ಕನಿಗಿರಲಿ ಅಂದ.

ಈ ಸಲ ತಪ್ಪಬಾರದು ಅಂತ ಪಾಲಯ್ಯ ಗಾದ್ರಪ್ಪನಿಗೆ ಬಿಡಿಸಿ ಹೇಳಿದ. "ನಿಮ್ಮವ್ವ ಸಾಕು ಅನ್ನೋ ತಂಕ ಅವಳ ಹೊಲಕ್ಕೇ ಬಿಡಪ್ಪ. ಬೇರೆ ಯಾರ ಮಾತೂ ಕೇಳಬೇಡ."

ಮಾರನೆ ದಿನ ನೀರು ಬಂತು. ಸಾಲು ಸಾಲಾಗಿ ಹರಿಯಿತು, ಬಾಡಿದ ಎಲೆ ನೆಟ್ಟಗಾಯಿತು. ಓಬಕ್ಕ ಬದುವಿನ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತ ನಿಂತಳು. ಮಡಿ ತುಂಬಿತು, ಹೊಲ ತುಂಬಿತು, ನೀರು ಬದು ಹತ್ತಿ ಬೋಸಯ್ಯನ ಹೊಲಕ್ಕೆ ಇಳಿಯಿತು. ಬೋಸಯ್ಯ ಮೊಣಕಾಲುದ್ದ ಕೆಸರಲ್ಲಿ ಓಡಿ ಬಂದು, ಸಾಕು, ಸಾಕು ಕಣೋ ಅಂತ ಕೂಗಿದ.

"ನೀನಲ್ಲ ಕಣಣ್ಣ," ಅಂದ ಗಾದ್ರಪ್ಪ ನಿಧಾನವಾಗಿ. "ನಮ್ಮವ್ವ ಅನ್ಬೇಕು."

ಇಬ್ಬರೂ ಓಬಕ್ಕನ ಕಡೆ ತಿರುಗಿದರು. ಅವಳು ಸಾಕು ಅನ್ನಲು ಬಾಯಿಂದ ಸೆರಗು ತೆಗೆದಳು. ತೆಗೆದದ್ದೇ ತಡ, ನಗು ಉಕ್ಕಿ ಬಂತು ನೋಡಿ, ಆ ಒಂದು ಮಾತು ಹೊರಡಲೇ ಇಲ್ಲ.