ಕೊಕ್ಕು ಹಿಂದಾದ ಹಂಸ

ನೇಕಾರ ಚೌಡಪ್ಪನವರ ಮಗಳು ನಾಗವೇಣಿಯ ಮದುವೆಗೆ ಇನ್ನು ಐದೇ ದಿನವಿತ್ತು. ಮನೆಯ ಮಗ್ಗದಲ್ಲೇ ನೇಯ್ದ, ಸೆರಗಿನಲ್ಲಿ ಹಂಸಗಳಿರುವ ಸೀರೆಯುಟ್ಟು ಧಾರೆಗೆ ಕೂರಬೇಕೆಂಬುದು ಅವಳ ಆಸೆ. ನೇಕಾರನ ಮಗಳು ಅಂಗಡಿಯ ಸೀರೆ ಉಟ್ಟರೆ ಕೇರಿಯವರು ನಗದೆ ಇರುತ್ತಾರೆಯೇ?

ಚಿತ್ರಕ್ಕೆ ತಕ್ಕಂತೆ ಮಗ್ಗದ ಎಳೆಗಳನ್ನು ಎತ್ತಿಸುತ್ತಿದ್ದುದು ಒಂದು ಹಳೆಯ ಕಂಪ್ಯೂಟರ್. ಅದು ಆಗಾಗ ನಿಂತುಹೋಗುತ್ತಿತ್ತು. ಆದ್ದರಿಂದ ಸೊಸೆ ಗಿರಿಜೆ ಹಂಸದ ಚಿತ್ರವನ್ನು ಪೆನ್‌ಡ್ರೈವ್‌ನಲ್ಲಿ ಹೊಸ ಕಂಪ್ಯೂಟರಿಗೆ ಸಾಗಿಸಿ, ಪರೀಕ್ಷೆಗೆಂದು ಒಂದು ಗೇಣು ನೇಯ್ದಳು.

ಹಂಸದ ಕೊಕ್ಕು ಕತ್ತಿನ ಹಿಂದಿತ್ತು. ಮೈ ಚೂರು ಚೂರಾಗಿತ್ತು.

ಹೊಸ ಯಂತ್ರ ಚಿತ್ರವನ್ನು ತಿಂದುಹಾಕಿತೆಂದು ಚೌಡಪ್ಪನವರು ತೀರ್ಮಾನಿಸಿದರು. ಸೀರೆ ಕೊಳ್ಳಲು ಅಂಗಡಿಗೆ ಹೊರಟು ಚಪ್ಪಲಿಯನ್ನೂ ಮೆಟ್ಟಿದರು. ಗಿರಿಜೆ ಗಾಬರಿಯಲ್ಲಿ ಇಡೀ ಚಿತ್ರವನ್ನು ಕೊನೆಯಿಂದ ಮೊದಲಿಗೆ ತಿರುಗಿಸಿ ಮತ್ತೆ ನೇಯ್ದಳು. ಈಗ ಕಾಲು ಮೇಲಾಯಿತು, ಬಾಲ ಎದೆಯ ಮುಂದೆ ಬಂತು.

"ಅತ್ತಿಗೆ, ಪಾಪ, ಅದಕ್ಕೂ ಶೀರ್ಷಾಸನ ಹಾಕಿಸಿದಿರಾ?" ಎಂದಳು ನಾಗವೇಣಿ. ನಗುತ್ತಿದ್ದರೂ ಅವಳ ಕಣ್ಣು ತುಂಬಿತ್ತು.

ಆಗ ಗಿರಿಜೆ ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದಳು. ಸೂಜಿ ಹಿಡಿದು ಮೊದಲ ಬಟ್ಟೆಯ ಎಳೆಗಳನ್ನು ಎಣಿಸಿದಳು. ಎಣಿಸುತ್ತಾ ಎಣಿಸುತ್ತಾ ಅವಳ ಮುಖ ಅರಳಿತು.

"ಮಾವ, ಚಪ್ಪಲಿ ಬಿಡಿ. ಒಂದೆಳೆಯೂ ಕಳೆದಿಲ್ಲ."

ಕಂಪ್ಯೂಟರಿನಲ್ಲಿ ಎಂಟು ಎಳೆಗಳ ಲೆಕ್ಕವನ್ನು ಹಿಡಿದಿಡುವ ತುಣುಕಿಗೆ ಒಂದು ಬೈಟ್ ಎನ್ನುತ್ತಾರೆ. ಎರಡು ಬೈಟ್ ಸೇರಿದರೆ ಒಂದು ಜೋಡಿ. ನಾವು ಹತ್ತರ ಸ್ಥಾನದ ಅಂಕಿಯನ್ನು ಬಿಡಿಯ ಅಂಕಿಗಿಂತ ಮೊದಲು ಬರೆಯುವಂತೆ, ಹಳೆಯ ಕಂಪ್ಯೂಟರ್ ಜೋಡಿಯಲ್ಲಿ ದೊಡ್ಡ ಬೆಲೆಯ ಬೈಟನ್ನು ಮೊದಲು ಇಡುತ್ತಿತ್ತು. ಮೊದಲು ಬರುವುದು ಚಿಕ್ಕ ಬೆಲೆಯದೆಂದು ಹೊಸದು ಓದುತ್ತಿತ್ತು. ಹೀಗಾಗಿ ಪ್ರತಿ ಹದಿನಾರು ಎಳೆಗಳಲ್ಲಿ ಹಿಂದಿನ ಎಂಟು ಮುಂದೆ ಬಂದಿದ್ದವು. ಗಿರಿಜೆ ಪ್ರತಿ ಜೋಡಿಯೊಳಗಿನ ಎರಡನ್ನಷ್ಟೇ ಅದಲುಬದಲು ಮಾಡಿದಳು. ಜೋಡಿಗಳ ಸಾಲನ್ನು ಮುಟ್ಟಲಿಲ್ಲ.

ಮಗ್ಗ ಟಕಟಕ ಎಂದಿತು. ಕತ್ತು ಕೊಂಕಿಸಿ, ಕೊಕ್ಕು ಮುಂದೆ ಮಾಡಿ, ಹಂಸ ಠೀವಿಯಿಂದ ಇಳಿದು ಬಂತು. ಚೌಡಪ್ಪನವರು ಸದ್ದಿಲ್ಲದೆ ಚಪ್ಪಲಿಯನ್ನು ಬಾಗಿಲ ಹೊರಗಿಟ್ಟು ಬಂದರು.

ಧಾರೆಯ ದಿನ ಬೀಗಿತ್ತಿ ಸೆರಗು ಹಿಡಿದು ನೋಡಿ, ಇಷ್ಟು ಚೆಂದದ ಕೆಲಸ ಯಾವ ಕಂಪ್ಯೂಟರಿನದೆಂದು ಕೇಳಿದರು.

"ಕಂಪ್ಯೂಟರ್ ಎರಡಿವೆ ತಾಯಿ. ಎಣಿಸಬಲ್ಲ ಸೊಸೆ ಒಬ್ಬಳೇ," ಎಂದರು ಚೌಡಪ್ಪನವರು.

ನಾಗವೇಣಿ ಕೊಕ್ಕು ಹಿಂದಾದ ಆ ಗೇಣು ಬಟ್ಟೆಯನ್ನೂ ಮಡಿಚಿ ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಳು. ಗಂಡನ ಮನೆಯ ರೀತಿ ವಿಚಿತ್ರವೆನಿಸಿದಾಗ ತೆಗೆದು ನೋಡಬೇಕಂತೆ.

ನೀತಿ: ಇನ್ನೊಬ್ಬರ ಕ್ರಮ ನಮಗೆ ಅಸ್ತವ್ಯಸ್ತವಾಗಿ ಕಂಡರೆ, ಎಲ್ಲವೂ ಕೆಟ್ಟಿತೆಂದು ಎಸೆಯಬಾರದು, ಗಾಬರಿಯಲ್ಲಿ ಎಲ್ಲವನ್ನೂ ತಿರುಗಿಸಲೂಬಾರದು. ಅವರು ಎಲ್ಲಿಂದ ಎಣಿಸುತ್ತಾರೆಂದು ಮೊದಲು ತಿಳಿದುಕೊಂಡು, ತಿರುಗಿಸಬೇಕಾದಷ್ಟನ್ನೇ ತಿರುಗಿಸಬೇಕು.