ನಾಲ್ಬೆರಳ ತೂಬು

ಕರೆಗುಡ್ಡದ ಕೆರೆ ಏರಿಯ ಮೇಲೆ ತೆಂಕಲಿಗೆ ನಡೆದರೆ ಹಳೆಯ ತೂಬಿನ ಎರಡು ಕಲ್ಲುಕಂಬಗಳು ಕಾಣುತ್ತವೆ. ಎಡಗಂಬದ ನೆತ್ತಿಯ ಮೇಲೆ ಬಲಗೈಯೊಂದನ್ನು ಕೆತ್ತಿದ್ದಾರೆ. ಅದಕ್ಕೆ ನಾಲ್ಕೇ ಬೆರಳು. ಕಿರುಬೆರಳಿನ ಜಾಗದಲ್ಲಿ ಸಣ್ಣದೊಂದು ಗುಳಿ. ಕಲ್ಲು ಮುರಿದಿದೆ ಎಂದು ನೋಡಲು ಬಂದವರು ತಾವೇ ತೀರ್ಮಾನಿಸಿಬಿಡುತ್ತಾರೆ. ಕೇಳುವ ವ್ಯವಧಾನ ಯಾರಿಗಿದೆ? ಕೆತ್ತಿದಾಗಲೇ ಅದಕ್ಕೆ ನಾಲ್ಕು ಬೆರಳು.

ಹಿಂದೆ ಒಮ್ಮೆ ಈ ಸೀಮೆಯನ್ನು ಚಿನ್ನಪನಾಯಕ ಆಳುತ್ತಿದ್ದ ಕಾಲದಲ್ಲಿ ಕೆರೆಯ ನೀರನ್ನು ಬಟ್ಟಲಿನಿಂದ ಅಳೆಯುತ್ತಿದ್ದರು ಎನ್ನುತ್ತಾರೆ. ತಳದಲ್ಲಿ ತೂತಿದ್ದ ತಾಮ್ರದ ಬಟ್ಟಲನ್ನು ನೀರಿನ ಹಂಡೆಯಲ್ಲಿ ತೇಲಿಬಿಟ್ಟರೆ ಅದು ತುಂಬಿ ಮುಳುಗಲು ಒಂದು ಗಳಿಗೆ. ಇಂಥ ಗದ್ದೆಗೆ ಇಷ್ಟು ಬಟ್ಟಲು ಎಂದು ಕಟ್ಟಳೆ. ತೂಬು ತೆಗೆಯುವವನು ನೀರಗಂಟಿ ಮೈಲಾರಿ. ಬಟ್ಟಲು ಕಾಯುವವಳು ಅವನ ತಾಯಿ ಸಣ್ಣೀರವ್ವ. ಒಂದು ಬೇಸಿಗೆಯಲ್ಲಿ, ಅರಮನೆಯ ಗದ್ದೆಯ ಸರದಿಯಿದ್ದಾಗ, ಮೈಲಾರಿ ಎರಡು ಬಟ್ಟಲು ನೀರನ್ನು ಒಬ್ಬ ವಿಧವೆಯ ಒಣಗುತ್ತಿದ್ದ ಸಸಿಮಡಿಗೆ ತಿರುಗಿಸಿದ. ಸುದ್ದಿ ನಾಯಕನ ಕಿವಿಗೆ ಬಿತ್ತು. ನೆತ್ತಿಯ ಮೇಲೆ ಸೂರ್ಯ ಬರುವ ಹೊತ್ತಿಗೆ ತೂಬಿನ ಬಳಿಯೇ ಅವನ ಬಲಗೈ ಕಡಿಯಬೇಕೆಂದು ಅಪ್ಪಣೆಯಾಯಿತು. ನಾಯಕ ಕೆಟ್ಟವನಲ್ಲ, ಆದರೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದು ಅವನಿಗೆ ಸಾವಿಗೆ ಸಮ.

ಸಣ್ಣೀರವ್ವ ಅಳುತ್ತಾ ಕೂರಲಿಲ್ಲ. ಬಟ್ಟಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಗುಡ್ಡದ ಮೇಲಿನ ಚಾವಡಿಗೆ ಹತ್ತಿದಳು.

"ನನ್ ಮಗ ತಪ್ಪು ಮಾಡವ್ನೆ ಬುದ್ಧಿ, ಇಲ್ಲ ಅನ್ನಾಕಿಲ್ಲ. ದಂಡ ಹಾಕ್ರಿ. ಆದ್ರೆ ಕದ್ದಿದ್ದು ಎರಡು ಬಟ್ಲು ನೀರು. ಕಡಿದ ಕೈ ತಿರುಗಿ ಮೂಡೋಕೆ ಈ ಬಟ್ಲು ಎಷ್ಟು ಸಲ ಮುಳುಗ್ಬೇಕು? ಅದೊಂದು ಲೆಕ್ಕ ಹೇಳ್ರಿ, ನಾನು ಕುಂತು ಕಾಯ್ತೀನಿ."

ನಾಯಕ ಹಂಡೆ ತರಿಸಿ ಬಟ್ಟಲನ್ನು ತಾನೇ ತೇಲಿಬಿಟ್ಟ. "ಇದು ಮುಳುಗುವವರೆಗೆ ಯೋಚಿಸುತ್ತೇನೆ" ಎಂದ. ಅವಳು ಹೇಳಿದ್ದು ಸರಿಯೆಂದು ಅವನಿಗೆ ಮೊದಲ ಮಾತಿಗೇ ಹೊಳೆದಿತ್ತು. ಒಬ್ಬ ಮುದುಕಿಗೆ ಸೋತೆನೆಂದು ಸಭೆ ತಿಳಿಯಬಾರದೆಂದೇ ಆ ಗಳಿಗೆಯನ್ನು ಕಳೆದ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾನೂ ಅದನ್ನೇ ನಂಬುತ್ತೇನೆ. ಬಟ್ಟಲು ಮುಳುಗಿತು. ಕೈ ಬೇಡ, ಒಂದು ಬೇಸಿಗೆ ತೂಬಿನ ಹೂಳೆತ್ತಲಿ ಎಂದು ತೀರ್ಪು ಬದಲಾಯಿತು. ಅದನ್ನು ತಿಳಿಸಲು ಒಬ್ಬ ಸವಾರ ತೂಬಿನ ಕಡೆಗೆ ಕುದುರೆ ಓಡಿಸಿದ.

ಅವನು ಏರಿಯ ತುದಿಯಿಂದ ಕೂಗಿದಾಗ ಕೊಡಲಿ ಮೇಲೆದ್ದಾಗಿತ್ತು. ಕಡಿಯುವವನು ಬೆಚ್ಚಿ ಏಟನ್ನು ಓರೆಗೆ ತಿರುಗಿಸಿದ. ಕೈ ಉಳಿಯಿತು, ಕಿರುಬೆರಳು ಹೋಯಿತು.

ಸಂಜೆ ನಾಯಕ ತಾನೇ ತೂಬಿಗೆ ಬಂದ. ಸಣ್ಣೀರವ್ವ ಮಗನ ಕೈಗೆ ಬಟ್ಟೆ ಸುತ್ತುತ್ತಿದ್ದಳು. ತಲೆಯೆತ್ತದೆ, "ಕೇಳಿದ ತಕ್ಷಣ ಕೊಟ್ಟಿದ್ರೆ ಐದೂ ಇರ್ತಿದ್ವು ಬುದ್ಧಿ" ಎಂದಳಂತೆ. ನಾಯಕ ಕಲ್ಲುಕುಟಿಗನನ್ನು ಕರೆಸಿ ಆ ಕೈಯನ್ನು ಇದ್ದಂತೆಯೇ ಕೆತ್ತಿಸಿದ. ಅಂದಿನಿಂದ ಇದು ನಾಲ್ಬೆರಳ ತೂಬು.

ಬಟ್ಟಲು ಈಗಿಲ್ಲ, ನೀರನ್ನು ಗಡಿಯಾರ ನೋಡಿ ಬಿಡುತ್ತಾರೆ. ಆದರೆ ಮನೆಯವರು ಜೈಲಿನಲ್ಲಿರುವ ಹೆಂಗಸರು ಮೇಲಿನ ಕೋರ್ಟಿಗೆ ಅರ್ಜಿ ಹಾಕುವ ದಿನ ಇಲ್ಲಿಗೆ ಬಂದು ಆ ಗುಳಿಗೆ ಬೊಗಸೆಯಿಂದ ನೀರು ಬಿಡುತ್ತಾರೆ. ದೇವರ ಹೆಸರನ್ನೇನೂ ಹೇಳುವುದಿಲ್ಲ. "ಬೇಗ ಕೇಳಿಸ್ಕೊಳ್ರಪ್ಪ" ಎನ್ನುತ್ತಾರೆ, ಅಷ್ಟೆ. ಗುಳಿ ಚಿಕ್ಕದು, ಅವರು ಏರಿಯಿಂದ ಇಳಿಯುವಷ್ಟರಲ್ಲಿ ಬಿಸಿಲಿಗೆ ನೀರು ಆರಿಹೋಗಿರುತ್ತದೆ.