ಸಾಹೇಬರ ಎಮ್ಮೆ ಕಾಣೆಯಾದದ್ದು

ಪಶು ಆಸ್ಪತ್ರೆಯ ಶಾಂತವೀರ ಸಾಹೇಬರು ಗುಮಾಸ್ತೆ ನೀಲಾಂಬಿಕೆಯ ಮೇಲೆ ಗುಡುಗಿದರು: "ಲಸಿಕೆ ಆಗದ ದನಗಳನ್ನೆಲ್ಲ ಅಳಿಸಿಬಿಡಿ. ಪಟ್ಟಿ ನೂರಕ್ಕೆ ನೂರಾಗಬೇಕು. ಇಲ್ಲವೋ, ನಿಮಗೆ ವರ್ಗ!"

ಆಕೆ ಒಂದನ್ನೂ ಅಳಿಸಲಿಲ್ಲ. ಕಂಪ್ಯೂಟರಿನಲ್ಲಿ ಫಿಲ್ಟರ್ ಹಾಕಿ, ಲಸಿಕೆ ಆದವನ್ನಷ್ಟೇ ತೋರಿಸಿದಳು.

ಸಾಹೇಬರು ಮೀಸೆ ತಿರುವುತ್ತ ದನಗಳ ಮಾಲೀಕರ ಸಾಲಿನಲ್ಲಿ ತಮ್ಮ ಹೆಸರು ಹುಡುಕಿದರು. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ. ಇಲ್ಲ! ಕನ್ನಡಕ ಒರೆಸಿ ನೋಡಿದರು. ಆಗಲೂ ಇಲ್ಲ.

"ಅಲ್ಲಮ್ಮಾ, ಬೆಳಗ್ಗೆ ಹಾಲು ಕೊಟ್ಟ ನಮ್ಮ ಎಮ್ಮೆ ಎಲ್ಲಿ ಹೋಯ್ತು?"

"ಅದಕ್ಕೂ ಸೂಜಿ ಆಗಿಲ್ಲ ಸಾರ್. ನಿಮ್ಮ ಅಪ್ಪಣೆಯಂತೆ ಮರೆಯಾಗಿದೆ."

"ಪಟ್ಟಿಯಲ್ಲಿಲ್ಲದಿದ್ದರೆ ವಿಮೆ ಸಿಗೋದಿಲ್ವಲ್ರೀ! ವಾಪಸ್ ಕರೆಸಿ!"

"ಫಿಲ್ಟರ್ ತೆಗೆದರೆ ಬರುತ್ತೆ ಸಾರ್. ಜೊತೆಗೆ ಇನ್ನೂ ನೂರಾ ಹನ್ನೆರಡು ಬರ್ತವೆ."

ಸಾಹೇಬರಿಗೆ ವರ್ಗದ ಮಾತು ಮರೆತೇಹೋಯಿತು. ಮಾರನೆಯ ದಿನ ತಾವೇ ಲಸಿಕೆ ಪೆಟ್ಟಿಗೆ ಹೊತ್ತು ಹಟ್ಟಿಹಟ್ಟಿ ಅಲೆದರು. ಮೊದಲ ಸೂಜಿ ಯಾರಿಗೆ ಬಿತ್ತೆಂದು ಬೇರೆ ಹೇಳಬೇಕೇ?